ಮಳಿವಾಡಿ ಮಾಳದ ಸವಾಲು

ಏಪ್ರಿಲ್ 8

ಪರೀಕ್ಷೆಯ ಮೇಲ್ವಿಚಾರಣೆ ಮುಗಿಯುತ್ತಿದ್ದಂತೆ ಕಾಲೇಜಿನವರು ಈ ವರ್ಷವೂ ಅತಿಥಿ ಉಪನ್ಯಾಸಕರನ್ನೆಲ್ಲ ಮನೆಗೆ ಕಳಿಸಿದರು. ಮತ್ತೆ ಕರೆಯುವುದು ಜೂನ್ ಕೊನೆಗೋ ಜುಲೈಗೋ, ಅವರ ಮನಸ್ಸು. ಹದಿನಾರು ವರ್ಷದಿಂದ ಚಿಕ್ಕೋಡಿಯ ಆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ, ಇನ್ನೂ ಅತಿಥಿ. ಇಷ್ಟು ಕಾಲ ಕೂತ ಅತಿಥಿ ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ. ನನ್ನ ಕಪಾಟಿನ ಕೀಲಿ ವಾಪಸು ಕೇಳಿದರು, ಕೊಟ್ಟೆ. ಒಳಗೆ ನನ್ನ ಛತ್ರಿ ಉಳಿಯಿತು. ಇರಲಿ, ಅದಾದರೂ ಅಲ್ಲಿ ಕಾಯಂ ಆಗಲಿ.

ಮಧ್ಯಾಹ್ನ ಪುಣೆಯಿಂದ ಪ್ರಾಜಕ್ತಾ ಎಂಬ ಹುಡುಗಿಯ ಫೋನು. ನಿಸರ್ಗ ಉಳಿಸುವ ಒಂದು ಸಂಸ್ಥೆಯಲ್ಲಿದ್ದಾಳೆ, ಕನ್ನಡ ಬರುವುದಿಲ್ಲ, ಮರಾಠಿಯಲ್ಲೇ ಮಾತಾಡಿದಳು. ನಮ್ಮ ಸದಲಗಾದಿಂದ ಅರ್ಧ ಗಂಟೆಯ ಹಾದಿಯ ಮಳಿವಾಡಿಯಲ್ಲಿ, ದೂಧಗಂಗಾ ದಂಡೆಗೆ, ಅರವತ್ತು ಎಕರೆ ಗಾಯರಾಣ ಇದೆ. ಊರ ದನಕರು ಮೇಯಲು ಸರಕಾರ ಹಿಂದಿನಿಂದ ಬಿಟ್ಟ ಮಾಳ. ಹೊಳೆಯಾಚೆಯ ಒಂದು ಕಾರ್ಖಾನೆಯವರು ಅದನ್ನು ತಮ್ಮ ಹೊಲಸು ನೀರು ನಿಲ್ಲಿಸುವ ಹೊಂಡಕ್ಕಾಗಿ ಕೇಳಿದ್ದಾರೆ. ದಫ್ತರದಲ್ಲಿ ಆ ಜಮೀನು ‘ಖರಾಬು’, ಅಂದರೆ ಸಾಗುವಳಿಗೆ ಬಾರದ್ದು, ಎಂದಿರುವುದರಿಂದ ಕೊಟ್ಟರೆ ಯಾರಿಗೂ ನಷ್ಟವಿಲ್ಲ ಎನ್ನುವುದು ಅವರ ವಾದ. ಆಗಸ್ಟಿನಲ್ಲಿ ಚಿಕ್ಕೋಡಿಯ ಉಪವಿಭಾಗಾಧಿಕಾರಿ ಸಾಹೇಬರ ಮುಂದೆ ವಿಚಾರಣೆ. ಅಷ್ಟರೊಳಗೆ ಆ ಮಾಳ ಊರಿಗೆ ಏನೇನು ಕೊಡುತ್ತದೆ, ಅದರ ಮೌಲ್ಯ ಎಷ್ಟು ಎಂದು ಅಳೆದು ತೋರಿಸಬೇಕು. ತೋರಿಸಿದರೆ ಮಾಳ ಊರಿಗೆ ಉಳಿಯುತ್ತದೆ, ಇಲ್ಲದಿದ್ದರೆ ಹೊಂಡ.

ಒಪ್ಪಿಕೊಂಡೆ. ನನ್ನ ಗಂಡ ಭರತ ಗೊಬ್ಬರದಂಗಡಿಯಿಂದ ಬಂದು ಕೇಳಿ ನಕ್ಕ. ಹುಲ್ಲಿಗೂ ಗಾಳಿಗೂ ದರ ಹಚ್ಚುವವರು ಬಂದರು ಅಂದ. ಹದಿನಾರು ವರ್ಷದಲ್ಲಿ ನನಗೆ ಯಾರೂ ದರ ಹಚ್ಚಲಿಲ್ಲ, ಹುಲ್ಲಿಗಾದರೂ ಹಚ್ಚಲಿ ಅಂದೆ.

ಏಪ್ರಿಲ್ 14

ಮಳಿವಾಡಿಗೆ ಹೋಗಿದ್ದೆ. ಸುಳ್ಳು ಯಾಕೆ, ಖರಾಬು ಎಂದು ಓದಿ ಓದಿ ನಾನೂ ಜಾಲಿಕಂಟಿ, ಕಲ್ಲು, ಅಷ್ಟೇ ಅಂದುಕೊಂಡಿದ್ದೆ. ಸುತ್ತ ಎಲ್ಲಿ ನೋಡಿದರೂ ಕಬ್ಬು, ಮನುಷ್ಯ ಹೊಕ್ಕರೆ ಹೊರಗೆ ಕಾಣದಷ್ಟು ಕಬ್ಬು. ಅದನ್ನು ದಾಟಿದ ಕೂಡಲೇ ಒಮ್ಮೆಲೇ ಬಯಲು. ಒಣಗಿದ ಕರಡ ಹುಲ್ಲು, ಬಾರಿಹಣ್ಣಿನ ಗಿಡ, ಹೊಳೆಯ ಕಡೆಗೆ ಇಳಿಯುವ ದೊಡ್ಡ ತಗ್ಗು. ಮಳೆಗಾಲದಲ್ಲಿ ಹೊಳೆ ಏರಿದರೆ ನೀರು ಮೊದಲು ಆ ತಗ್ಗಿಗೆ ಬಂದು ಕೂರುತ್ತದಂತೆ, ಊರೊಳಗೆ ಬರುವುದು ಅದು ತುಂಬಿದ ಮೇಲೆ. ಎಷ್ಟು ದಿನವಾಗಿತ್ತೋ ಹೀಗೆ ದೂರದವರೆಗೆ ಕಣ್ಣು ಹಾಯಿಸಿ. ಎದೆ ಹಗುರಾಯಿತು.

ಆಡು ಮೇಯಿಸುತ್ತಿದ್ದ ಸತ್ತೆವ್ವ ಎಂಬ ಹೆಂಗಸು ಸಿಕ್ಕಳು. ಐವತ್ತರ ಮೇಲಿನ ವಯಸ್ಸು, ಹನ್ನೊಂದು ಆಡು, ಅದೇ ಬಾಳುವೆ. ಹೊಲವಿಲ್ಲ, ಗಂಡ ಇಲ್ಲ. ಮೊದಲು ನಾನು ಕಾರ್ಖಾನೆಯವಳೆಂದು ತಿಳಿದು ಮುಖ ತಿರುಗಿಸಿದಳು. ಅಲ್ಲವೆಂದು ತಿಳಿದ ಮೇಲೆ ಮೂರು ಕಲ್ಲು ಹೂಡಿ ಆಡಿನ ಹಾಲಿನ ಚಹಾ ಮಾಡಿಕೊಟ್ಟಳು. ವಾಸನೆ ಬಂತು, ಆದರೂ ಕುಡಿದೆ. ಹೊಂಡ ಆದರೆ ಏನು ಮಾಡುತ್ತೀ ಎಂದು ಕೇಳಿದೆ. ಆಕೆ ಓಡಿಹೋಗುತ್ತಿದ್ದ ಒಂದು ಆಡಿಗೆ ಬಾಯಿಗೆ ಬಂದಂತೆ ಬೈದಳು. ಕೇಳಬಾರದಿತ್ತು ಅನಿಸಿತು.

ಇಂಥದ್ದಕ್ಕೆ ರೂಪಾಯಿ ಲೆಕ್ಕ ಹಚ್ಚುವುದು ನಾಚಿಕೆಗೇಡಿನ ಕೆಲಸವೇ. ಆದರೆ ಸಾಹೇಬರಿಗೆ ಅರ್ಥವಾಗುವ ಭಾಷೆ ಅದೊಂದೇ.

ಏಪ್ರಿಲ್ 22

ಸುಲಭದ ಭಾಗ ಮುಗಿಯಿತು. ಮೇವು, ಸಗಣಿ, ಉರುವಲು, ಇವಕ್ಕೆ ಬಾಜಾರಿನ ದರ ಇದೆ. ತಗ್ಗು ಇಲ್ಲದಿದ್ದರೆ ಊರಿಗೆ ಒಡ್ಡು ಕಟ್ಟಲು ಎಷ್ಟು ಬೇಕು ಎಂದು ಒಬ್ಬ ಇಂಜಿನಿಯರನನ್ನು ಕೇಳಿ ಬರೆದೆ. ಉಳಿದದ್ದು ಜನರ ಮನಸ್ಸಿನೊಳಗಿನ ಬೆಲೆ. ಮಾಳ ಮಾಳವಾಗಿಯೇ ಉಳಿಯಲು ನೀವು ವರ್ಷಕ್ಕೆ ಎಷ್ಟು ಕೊಡಲು ಸಿದ್ಧ ಎಂದು ಮನೆಮನೆಗೆ ಹೋಗಿ ಕೇಳಬೇಕು. ಯಾರೂ ನಿಜವಾಗಿ ಕೊಡಬೇಕಾಗಿಲ್ಲ, ಕೊಡುವ ಮನಸ್ಸು ಎಷ್ಟಿದೆ ಎಂಬುದೇ ಅಳತೆ.

ಪುಣೆಯವರು ಆ ಪ್ರಶ್ನೆಯನ್ನು ಯಾರಿಂದಲೋ ಕನ್ನಡ ಮಾಡಿಸಿದ್ದಾರೆ: “ಸದರಿ ಪರಿಸರ ವ್ಯವಸ್ಥೆಯ ಸಂರಕ್ಷಣೆಗಾಗಿ ತಮ್ಮ ಗರಿಷ್ಠ ವಾರ್ಷಿಕ ಪಾವತಿ ಇಚ್ಛೆ ಎಷ್ಟು?” ಇದನ್ನು ಬರೆದವನ ಕೈಗೆ ದೊಡ್ಡ ನಮಸ್ಕಾರ. ಅಕ್ಕವ್ವ ಎಂಬ ಮುದುಕಿ ‘ಪಾವತಿ’ ಎನ್ನುತ್ತಲೇ ಒಳಗೆ ಹೋಗಿ ಮನೆಪಟ್ಟಿ ಕಟ್ಟಿದ ಪಾವತಿ ಚೀಟಿಗಳನ್ನೆಲ್ಲ ತಂದು ಮುಂದೆ ಸುರಿದಳು, ಒಂದು ವರ್ಷದ್ದೂ ಬಾಕಿ ಇಲ್ಲ ನೋಡಿರಿ ಎಂದು ಜಗಳಕ್ಕೆ ನಿಂತಳು. ಕಬ್ಬು ದ್ರಾಕ್ಷಿ ಬೆಳೆಯುವ ವಿರುಪಾಕ್ಷಪ್ಪ ಗೌಡರು ಸೊಸೈಟಿ ಸಾಲದ ನೋಟೀಸೆಂದು ತಿಳಿದು ಮಗನನ್ನು ಕೇಳಿರಿ ಎಂದು ಎದ್ದುಹೋದರು. ಸತ್ತೆವ್ವನಿಗೆ ನಾನೇ ಬಿಡಿಸಿ ಹೇಳಿದೆ. ಆಕೆ ತಿರುಗಿ ಕೇಳಿದಳು:

“ನಮ್ಮದಕ್ಕ ನಾವು ಯಾಕ ರೊಕ್ಕಾ ಕೊಡೂದ್ರಿ ಬಾಯಾರ?”

ಸೊನ್ನೆ ಎಂದು ಬರೆದುಕೊಂಡೆ. ಬೇರೇನು ಬರೆಯಲಿ?

ಏಪ್ರಿಲ್ 24

ಪ್ರಾಜಕ್ತಾಳ ಫೋನು. ಇಷ್ಟೊಂದು ಸೊನ್ನೆ ಬಂದರೆ ಮಾಳ ಯಾರಿಗೂ ಬೇಕಾಗಿಲ್ಲ ಎಂದೇ ಕಾರ್ಖಾನೆಯ ವಕೀಲ ಓದುತ್ತಾನಂತೆ. ‘ನಮ್ಮದಕ್ಕೆ ನಾವೇಕೆ ಕೊಡಬೇಕು’ ಎನ್ನುವವರದು ಪ್ರತಿಭಟನೆಯ ಸೊನ್ನೆ, ಅಂಥವರನ್ನು ಲೆಕ್ಕದಿಂದ ಬಿಡುವುದು ರೂಢಿಯಂತೆ. ಮಾಳವನ್ನೇ ನಂಬಿದವರನ್ನು ಬಿಟ್ಟು ಮಾಳದ ಲೆಕ್ಕವೇ ಎಂದು ಕೂಗಾಡಿದೆ. ಹಾಗಾದರೆ ಬೇರೆ ರೀತಿ ಕೇಳಿ ಅಂದಳು. ಇಪ್ಪತ್ತಾರು ವರ್ಷದ ಹುಡುಗಿ, ನನಗೆ ಪ್ರಶ್ನೆ ಕೇಳುವುದು ಕಲಿಸುತ್ತಾಳೆ.

ಏಪ್ರಿಲ್ 30

ಅಕ್ಷಯ ತದಿಗೆ. ಬಸದಿಗೆ ಹೋಗಿದ್ದೆವು. ಮೊದಲ ಕಲಶದ ಅಭಿಷೇಕಕ್ಕೆ ಎಂದಿನಂತೆ ಸವಾಲು ಇಟ್ಟರು. ಹೋದ ಸಲ ಬಸದಿಯ ಬಣ್ಣಕ್ಕೆ ವರ್ಗಣಿ ಕೇಳಿದಾಗ ಇದೇ ಜನ ಕಂಬದ ಹಿಂದೆ ಅಡಗಿದ್ದರು. ಈಗ ಸವಾಲು ಅಂದ ಕೂಡಲೇ ಬೆನ್ನು ನೆಟ್ಟಗಾಯಿತು. ಒಬ್ಬರು ಕೂಗಿದರೆ ಇನ್ನೊಬ್ಬರು ಅವರ ಮೇಲೆ. ಹೆಂಡತಿಯರು ಹಿಂದಿನಿಂದ ಚಿವುಟಿ ಚಿವುಟಿ ಏರಿಸಿದರು.

ಅಲ್ಲಿಯೇ ಹೊಳೆಯಿತು. ಬೆಂಗಳೂರಿನವರಿಗೆ ಸವಾಲು ಎಂದರೆ ಪಂಥ, ಇಲ್ಲವೇ ಕಷ್ಟ. ನಮಗೆ ಸವಾಲು ಎಂದರೆ ನಾಲ್ಕು ಜನರ ಮುಂದೆ ಕೂಗಿ ಹೇಳುವ ಮೊತ್ತ. ಕಲಶಕ್ಕೂ ಅದೇ, ಪಂಚಾಯತಿಯ ಹುಣಸೆಮರದ ಹರಾಜಿಗೂ ಅದೇ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಶಬ್ದ. ‘ಗರಿಷ್ಠ ಪಾವತಿ ಇಚ್ಛೆ’ಗೆ ಇದಕ್ಕಿಂತ ಒಳ್ಳೆಯ ಕನ್ನಡ ಯಾವುದಿದೆ?

ಶಾಂತಿಮಂತ್ರ ನಡೆಯುವಾಗ ನಾನು ಮನಸ್ಸಿನಲ್ಲಿ ಪ್ರಶ್ನೆ ತಿದ್ದುತ್ತಿದ್ದೆ. ಪಾಪ ಬಂದರೆ ಬರಲಿ.

ಮೇ 6

ಶಬ್ದ ಬದಲಿಸಿದ್ದೇ ತಡ, ಜನ ಬದಲಾದರು. “ಮಾಳ ಹಿಂಗ ಉಳೀಬೇಕಂದ್ರ ವರ್ಷಕ್ಕ ನಿಮ್ಮ ಸವಾಲು ಎಷ್ಟ್ರಿ?” ಅಂದರೆ ಸಾಕು. ಮೊದಲು ಬಾಗಿಲಲ್ಲೇ ನಿಲ್ಲಿಸಿದ ಮನೆಯವರು ಜಮಖಾನೆ ಹಾಸಿ ಕೂರಿಸಿದರು. ವಿರುಪಾಕ್ಷಪ್ಪ ಗೌಡರು ಮೊದಲು ಕೇಳಿದ್ದು, ಧನಪಾಲ ಎಷ್ಟು ಅಂದಾನ ಎಂದು. ಊರಿನ ಇನ್ನೊಬ್ಬ ಸ್ಥಿತಿವಂತ ಧನಪಾಲ ಸಾವಕಾರರ ಮನೆಗೆ ಹೋದರೆ ಅವರೂ ಮೊದಲು ಗೌಡರದ್ದನ್ನೇ ಕೇಳಿದರು. ಹೇಳುವಂತಿಲ್ಲ ಅಂದೆ. ಇಬ್ಬರೂ ಗಟ್ಟಿಯಾದ ಅಂಕಿ ಹೇಳಿದರು. ಅಕ್ಕವ್ವನೂ ನೂರು ರೂಪಾಯಿ ಅಂದಳು. ಅರ್ಥಶಾಸ್ತ್ರ ಓದಿದ್ದು ಇವತ್ತು ಕೆಲಸಕ್ಕೆ ಬಂತು.

ರಾತ್ರಿ ಊಟಕ್ಕೆ ಕೂತಾಗ ಭರತನಿಗೆ ಹೇಳಿದೆ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಸುಗಂಧಾ, ಸವಾಲು ಅಂದ್ರ ಹಿಡದವಗ ಏನರೆ ಸಿಗತೈತಿ. ಇಲ್ಲಿ ಹಿಡದವಗ ಏನ ಸಿಗತೈತಿ?”

ಏನೂ ಸಿಗುವುದಿಲ್ಲ, ಇದು ಬರೀ ಅಭಿಪ್ರಾಯ ಸಂಗ್ರಹ ಅಂದೆ. ಹಾಗಂತ ಅವರಿಗೆ ಹೇಳೀಯಾ ಎಂದು ಕೇಳಿದ. ಪ್ರಶ್ನೆಪತ್ರಿಕೆಯ ತಲೆಯ ಮೇಲೆ ಬರೆದಿದೆ ಅಂದೆ. ಯೂರಿಯಾ ಮಾರುವವರೂ ಸಂಶೋಧನೆ ಕಲಿಸಲು ಬಂದರೆ ದೇವರೇ ಕಾಪಾಡಬೇಕು.

ಮೇ 25

ಇವತ್ತಿನದ್ದನ್ನು ಪೂರ್ತಿ ಬರೆಯಬೇಕು.

ಕೊನೆಗೆ ಒಂದು ಊರ ಸಭೆ ಮಾಡಿ ಎಲ್ಲರ ಎದುರು ಇದೇ ಪ್ರಶ್ನೆ ಕೇಳಬೇಕೆಂದು ಪುಣೆಯವರ ನಿಯಮ. ಹಣಮಪ್ಪನ ಗುಡಿಯ ಕಟ್ಟೆಗೆ ಸಭೆ ಸೇರಿತು. ಪಂಚಾಯತಿಯ ಪಿಡಿಒ ಬಂದಿದ್ದರು, ಅಧ್ಯಕ್ಷರಿದ್ದರು, ಹೆಂಗಸರೂ ಬಂದಿದ್ದರು. ಇಂಥ ಸಭೆ ನಾನು ಕಾಲೇಜಿನಲ್ಲಿ ಕಂಡಿಲ್ಲ, ಅಲ್ಲಿ ಹಾಜರಿ ಹಾಕಿದ ಮೇಲೆ ಅರ್ಧ ಬೆಂಚು ಖಾಲಿ. ಮೊದಲು ಒದಗಿಸುವ ಸೇವೆ, ನಿಯಂತ್ರಿಸುವ ಸೇವೆ, ಸಾಂಸ್ಕೃತಿಕ ಸೇವೆ ಎಂದು ಪುಣೆಯ ಚಾರ್ಟು ಹಿಡಿದು ತಿಳಿಸಿದೆ. ಆಕಳಿಸಿದರು. ಇದು ನಿಜವಾದ ಹಣವಲ್ಲ ಎಂಬುದನ್ನೂ ಓದಿದೆ, ಆಗ ಮೈಕು ಕಿರುಚುತ್ತಿತ್ತು. ಆಮೇಲೆ, ಈಗ ಸವಾಲು ಹೇಳ್ರಿ ಅಂದೆ.

ಸಭೆ ಜೀವ ಬಂದಂತೆ ಎದ್ದು ಕೂತಿತು. ಪಂಚಾಯತಿಯ ಸಿಪಾಯಿ ಮಾಳು ನನ್ನ ಪಕ್ಕಕ್ಕೆ ಬಂದು ನಿಂತ. ಪ್ರತಿ ವರ್ಷ ಹುಣಸೆಯ ಸವಾಲು ಕೂಗುವವನು ಅವನೇ, ಅವನ ಗಂಟಲು ಊರಿನ ಆ ತುದಿಗೆ ಮುಟ್ಟುತ್ತದೆ. ಒಳ್ಳೆಯದೇ ಆಯಿತು, ನನ್ನ ಧ್ವನಿ ಬಿದ್ದುಹೋಗಿತ್ತು. ಐದು ಸಾವಿರದಿಂದ ಶುರುವಾಯಿತು. ಗೌಡರು ಹತ್ತು ಅಂದರು. ಧನಪಾಲ ಸಾವಕಾರರು ಇಪ್ಪತ್ತು. ಐವತ್ತರವರೆಗೆ ಬೇರೆಯವರೂ ಇದ್ದರು, ಆಮೇಲೆ ಇಬ್ಬರೇ. ಸಾಹೇಬರಿಗೆ ಏನೂ ಬೆಲೆಯಿಲ್ಲದ ಖರಾಬು ಜಮೀನು, ಇಲ್ಲಿ ಜನ ಪೈಪೋಟಿ ಮಾಡಿ ಬೆಲೆ ಏರಿಸುತ್ತಿದ್ದಾರೆ. ಕಾರ್ಖಾನೆಯ ವಕೀಲ ಈ ಕಟ್ಟೆಯ ಮೇಲೆ ಕೂತು ಕೇಳಬೇಕಿತ್ತು.

ಲಕ್ಷ ದಾಟಿತು. ಆಗ ಹಿಂದಿನಿಂದ ಸತ್ತೆವ್ವ ಎದ್ದು ನಿಂತಳು. ತಾನೂ ಸವಾಲು ಹೇಳುತ್ತೇನೆ, ವರ್ಷಕ್ಕೆ ಒಂದು ಮರಿ ಅಂದಳು. ಸಭೆ ಗೊಳ್ಳೆಂದು ನಕ್ಕಿತು. ಆಡಿನ ಮರಿ ತಗೊಂಡು ಸಾವಕಾರರು ಏನು ಮಾಡಬೇಕೆಂದು ಯಾರೋ ಅಂದರು, ಮತ್ತೆ ನಗು. ಆಕೆ ನಗಲಿಲ್ಲ, ಕೂರಲೂ ಇಲ್ಲ. ನನ್ನನ್ನೇ ನೋಡುತ್ತ ನಿಂತಳು. ನನಗೆ ಕೆಟ್ಟದೆನಿಸಿತು. ಆದರೆ ಪುಣೆಯವರ ಹಾಳೆಯಲ್ಲಿ ರೂಪಾಯಿಯ ಕಾಲಮ್ಮು ಮಾತ್ರ ಇದೆ. ರೊಕ್ಕದಲ್ಲಿ ಹೇಳು ಸತ್ತೆವ್ವಾ ಅಂದೆ. ರೊಕ್ಕ ಇಲ್ಲ ಅಂದಳು. ಮಾಳು ಕಾಯುತ್ತಿದ್ದ. ಮುಂದೆ ಹೋದೆವು.

ಎರಡು ಲಕ್ಷ ಹತ್ತು ಸಾವಿರಕ್ಕೆ ಗೌಡರು ಕೈಯಾಡಿಸಿ ಸಾಕು ಅಂದರು. ಮಾಳು ಒಂದ ಸಾರಿ, ಎರಡ ಸಾರಿ ಎಂದು ಕೂಗಿ ನನ್ನ ಮುಖ ನೋಡಿದ. ಉತ್ಸಾಹ ತಡೆಯಲಾರದೆ ಮೂರನೆಯದನ್ನು ನಾನೇ ಕೂಗಿಬಿಟ್ಟೆ. ಚಪ್ಪಾಳೆ. ಧನಪಾಲ ಸಾವಕಾರರ ಹಣೆಗೆ ಭಂಡಾರ ಹಚ್ಚಿದರು. ತೆಂಗಿನಕಾಯಿಯನ್ನು ನನ್ನ ಕೈಯಿಂದಲೇ ಅವರಿಗೆ ಕೊಡಿಸಿದರು. ಪಿಡಿಒ ಎಂದಿನ ಸವಾಲಿನ ನಮೂನೆಯಲ್ಲಿ ಠರಾವು ಬರೆದು, ಆ ಗದ್ದಲದಲ್ಲೇ ನನ್ನ ಸಹಿಯನ್ನೂ ಹಾಕಿಸಿಕೊಂಡರು. ಹದಿನಾರು ವರ್ಷದಲ್ಲಿ ನನಗೆ ಇಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಮೇ 26

ಸತ್ತೆವ್ವನ ಹಾಳೆಯನ್ನು ಪ್ರತಿಭಟನೆಯ ಸೊನ್ನೆಗಳ ಕಡೆಗೆ ಸರಿಸಿದೆ. ಏಪ್ರಿಲ್‌ನಲ್ಲಿ ನಾನೇ ಇದಕ್ಕೆ ಕೂಗಾಡಿದ್ದು ಹೌದು. ಆದರೆ ಒಬ್ಬಳ ಹಟಕ್ಕೆ ಇಡೀ ಸರಾಸರಿ ಕೆಡಬಾರದು.

ಪ್ರಾಜಕ್ತಾ ಅಂಕಿ ನೋಡಿ ಕುಣಿದಳು. ಸ್ಥಳೀಯ ಶಬ್ದ ಹುಡುಕಿದ್ದಕ್ಕೆ ಅವರ ನಿರ್ದೇಶಕರು ಮೆಚ್ಚಿದರಂತೆ. ವರದಿಯ ಮುಖಪುಟದ ಮೇಲೆ ನನ್ನ ಹೆಸರೂ ಬರುತ್ತದೆ: ಸುಗಂಧಾ ಭರತ ಪಾಟೀಲ. ಕಾಲೇಜಿನ ವೇಳಾಪಟ್ಟಿಯಲ್ಲಿ ಇವತ್ತಿಗೂ ‘ಅ.ಉ. 3’, ಮೂರನೆಯ ಅತಿಥಿ ಉಪನ್ಯಾಸಕಿ.

ಜುಲೈ 27

ಮೂರು ದಿನದ ಮಳೆ. ಅತ್ತ ಕೊಲ್ಹಾಪುರದ ಕಡೆ ಇನ್ನೂ ಜಾಸ್ತಿ, ದೂಧಗಂಗಾ ದಂಡೆ ಮೀರಿದೆ. ಮಳಿವಾಡಿಗೆ ಹೋಗಿ ನೋಡಿದೆ, ತಗ್ಗು ಪೂರ್ತಿ ತುಂಬಿದೆ, ಊರೊಳಗೆ ಹೊಳೆಯ ನೀರು ಹನಿಯೂ ಬಂದಿಲ್ಲ. ಫೋಟೋ ತೆಗೆದೆ. ಒಡ್ಡಿನ ಖರ್ಚಿನ ಲೆಕ್ಕಕ್ಕೆ ಇದಕ್ಕಿಂತ ಪುರಾವೆ ಬೇಡ. ಮಳೆ ಇನ್ನೆರಡು ದಿನ ಹಿಡಿದರೆ ಅಂಕಿ ಇನ್ನೂ ಗಟ್ಟಿಯಾಗುತ್ತದೆ.

ಸತ್ತೆವ್ವ ಗೋಣಿತಾಟು ತಲೆಯ ಮೇಲೆ ಹೊದ್ದು ಬಂದಳು. ಧನಪಾಲ ಸಾವಕಾರರ ಆಳುಗಳು ಮಾಳದ ಸುತ್ತ ಬೇಲಿಯ ಕಲ್ಲು ಹುಗಿಯಲು ಗುರುತು ಹಾಕಿದ್ದಾರೆ, ಇನ್ನು ಆಡು ಬಿಡುವುದಿಲ್ಲ ಎಂದಿದ್ದಾರೆ, ನಿಮ್ಮ ಕಾಗದದಲ್ಲಿ ಹಾಗೆ ಇದೆಯೇ ಎಂದು ಕೇಳಿದಳು. ನನ್ನ ಕಾಗದದಲ್ಲಿ ಆಡಿನ ವಿಷಯವೇ ಇಲ್ಲ ಅಂದೆ. ಅದು ನಿಜ. ಆಕೆ ಅಲ್ಲೇ ನಿಂತಿದ್ದಳು, ಬೇರೇನೋ ಹೇಳಲಿ ಎನ್ನುವಂತೆ. ಕ್ಯಾಮರಾಕ್ಕೆ ನೀರು ಬೀಳುತ್ತಿತ್ತು. ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ, ಮೊದಲು ಕಾರ್ಖಾನೆ ಹೋಗಲಿ ಅಂದೆ. ಎಲ್ಲವನ್ನೂ ನನ್ನನ್ನೇ ಕೇಳಿದರೆ ನಾನೇನು ಮಾಡಲಿ? ಸಭೆಯಲ್ಲಿ ನಾಲ್ಕು ಕಾಸು ಹೇಳಿದ್ದರೆ ಆಕೆಯ ಹೆಸರೂ ಎಲ್ಲಾದರೂ ಇರುತ್ತಿತ್ತು.

ಆಗಸ್ಟ್ 21

ಗೆದ್ದೆವು.

ಕಾರ್ಖಾನೆಯ ವಕೀಲ ಖರಾಬು ಖರಾಬು ಎಂದು ಹತ್ತು ಸಲ ಅಂದ. ನಮ್ಮ ವರದಿಯನ್ನು ಸಾಹೇಬರು ತಾವೇ ತಿರುವಿ ನೋಡಿದರು, ತಗ್ಗಿನ ಫೋಟೋದ ಹತ್ತಿರ ನಿಂತರು. ಆಮೇಲೆ ಮಳಿವಾಡಿ ಪಂಚಾಯತಿಯ ವಕೀಲ ಎದ್ದು ಠರಾವು ಓದಿದ. ಗಾಯರಾಣದ ಸಂರಕ್ಷಣೆಯ ಸವಾಲು ಬಹಿರಂಗ ಸಭೆಯಲ್ಲಿ ಆಗಿದೆ, ವರ್ಷಕ್ಕೆ ಎರಡು ಲಕ್ಷ ಹತ್ತು ಸಾವಿರದಂತೆ ಐದು ವರ್ಷಕ್ಕೆ ಧನಪಾಲ ಸಾವಕಾರರು ಹಿಡಿದಿದ್ದಾರೆ, ಮೊದಲ ವರ್ಷದ ಹಣ ಕಟ್ಟಿದ್ದಾರೆ, ಆದ್ದರಿಂದ ಜಮೀನು ಬೇರೆಯವರಿಗೆ ಕೊಡಲು ಬರುವುದಿಲ್ಲ. ಕಟ್ಟಿದ್ದಾರೆ ಎಂಬ ಶಬ್ದ ಕೇಳಿ, ಅದು ನಿಜವಾದ ಸವಾಲಲ್ಲ ಎಂದು ಪ್ರಾಜಕ್ತಾಳಿಗೆ ಮರಾಠಿಯಲ್ಲಿ ಹೇಳುತ್ತ ಅರ್ಧ ಎದ್ದೆ. ಅವಳು ನನ್ನ ಸೆರಗು ಜಗ್ಗಿ ಕೂರಿಸಿದಳು. ಈಗ ಬಾಯಿ ಬಿಟ್ಟರೆ ಎದುರಿನವರು ಇಡೀ ವರದಿಯನ್ನೇ ಸುಳ್ಳೆನ್ನುತ್ತಾರೆ ಎಂದು ಪಿಸುಗುಟ್ಟಿದಳು. ಅದೂ ಸರಿಯೇ. ಕೂತೆ.

ಕಾರ್ಖಾನೆಯ ಅರ್ಜಿ ವಜಾ. ಪಂಚಾಯತಿಯ ಠರಾವಿಗೆ ಸಾಹೇಬರ ತಕರಾರಿಲ್ಲ. ಕೋರ್ಟಿನ ಮುಂದೆ ಪೇಢೆ ಹಂಚಿದೆವು. ಮಳಿವಾಡಿಯವರು ಟೆಂಪೋ ಮಾಡಿಕೊಂಡು ಬಂದಿದ್ದರು, ಅಕ್ಕವ್ವ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಸತ್ತೆವ್ವ ಬಂದಿರಲಿಲ್ಲ. ಅವಳ ಸಲುವಾಗಿಯೇ ಅಲ್ಲವೇ ನಾನು ಇಷ್ಟೆಲ್ಲ ಓಡಾಡಿದ್ದು.

ಅಕ್ಟೋಬರ್ 12

ಭರತ ಇವತ್ತು ಮಳಿವಾಡಿಗೆ ಗೊಬ್ಬರ ಮುಟ್ಟಿಸಲು ಹೋಗಿದ್ದವನು ಮುಖ ಊದಿಸಿಕೊಂಡು ಬಂದ. ಮಾಳಕ್ಕೆ ಸುತ್ತಲೂ ತಂತಿಬೇಲಿ, ಕಬ್ಬಿಣದ ಗೇಟು, ಕೀಲಿ. ಆಡು ಕುರಿಗೆ ಪ್ರವೇಶವಿಲ್ಲ, ದನಕ್ಕೆ ತಿಂಗಳ ಪಾಸು. “ನಿನ್ನ ಅಭಿಪ್ರಾಯ ಸಂಗ್ರಹಕ್ಕ ಗೇಟ ಬಂದೈತಿ, ಹೋಗಿ ನೋಡು” ಅಂದ. ಮೈ ಉರಿಯಿತು. ನೇರ ಧನಪಾಲ ಸಾವಕಾರರ ಮನೆಗೆ ಹೋದೆ.

ಜಗಳಾಡಲೆಂದೇ ಹೋಗಿದ್ದೆ, ಆದರೆ ಅವರು ಎದ್ದು ನಿಂತು ಬರ್ರಿ ಬಾಯಾರ ಎಂದು ಕೂರಿಸಿದರು. ಅವರ ಮಾತಿನಲ್ಲಿ ಮೋಸ ಕಾಣಲಿಲ್ಲ. ತಾವು ಸವಾಲು ಹಿಡಿದದ್ದು ಮಾಳ ಉಳಿಸಲು, ಆಡು ಬೇರುಸಹಿತ ಮೇಯುತ್ತವೆ, ಬಾರಿ ಗಿಡ ಚಿಗುರಲು ಬಿಡುವುದಿಲ್ಲ ಅಂದರು. ಮೇಲಾಗಿ ಆಡು ಎಲ್ಲಿಗೆ ಹೋಗುತ್ತವೆ? ಕಟುಕರಿಗೆ. “ಕೊಲ್ಲಾಕ ಹೋಗೂ ಜೀವಾ ನನ್ನ ರೊಕ್ಕದ ಹುಲ್ಲು ತಿಂದು ಬೆಳೀಬಾರದ್ರಿ. ನೀವೂ ಬಸದಿಗೆ ಹೋಗವ್ರು, ನಿಮಗ ಹೇಳಬೇಕಾ?”

ಆಮೇಲೆ ಅವರ ಜೀಪಿನಲ್ಲಿ ಹೋಗಿ ನೋಡಿದೆ. ಹುಲ್ಲು ನಿಜವಾಗಿಯೂ ಸೊಂಟದ ಮಟ್ಟಕ್ಕೆ ಬಂದಿದೆ, ತಗ್ಗಿನಲ್ಲಿ ಕೊಕ್ಕರೆ ಕೂತಿವೆ. ಎಕರೆಗೆ ಮೇವಿನ ಇಳುವರಿ ಇಮ್ಮಡಿಯಾಗಿದೆ. ಅಂದರೆ ಒಟ್ಟು ಮೌಲ್ಯ ನಾನು ಬರೆದದ್ದಕ್ಕಿಂತ ಹೆಚ್ಚೇ ಆಯಿತು. ಮನೆಗೆ ಬಂದು ಇದನ್ನು ಭರತನಿಗೆ ಬಿಡಿಸಿ ಹೇಳಿದೆ. ಅವನು ಟೀವಿಯ ಧ್ವನಿ ಏರಿಸಿದ.

ನವೆಂಬರ್ 3

ಸತ್ತೆವ್ವ ಆಡುಗಳನ್ನೆಲ್ಲ ಒಟ್ಟಿಗೇ ಮಾರಿದಳಂತೆ, ಮನೆ ಬಾಗಿಲಿಗೆ ಬಂದ ದಲಾಲಿಗೆ, ಅವನು ಹೇಳಿದ ದರಕ್ಕೆ. ದೀಪಾವಳಿ ಮುಗಿದ ಮೇಲೆ ಯಾರಾದರೂ ಮಾರುತ್ತಾರೆಯೇ? ನನ್ನನ್ನು ಒಂದು ಮಾತು ಕೇಳಿದ್ದರೆ ಬಾಜಾರಿನ ದರ ನನಗೆ ಬಾಯಿಪಾಠವಿತ್ತು.

ನವೆಂಬರ್ 19

ವರದಿ ಅಚ್ಚಾಗಿ ಬಂತು. ಹೊಳೆಯುವ ಕಾಗದ. ಮುಖಪುಟದಲ್ಲಿ ನನ್ನ ಹೆಸರು ಎರಡನೆಯದು, ಅಕ್ಷರ ಸ್ವಲ್ಪ ಸಣ್ಣ, ಇರಲಿ. ಪ್ರಾಚಾರ್ಯರ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಬಂದೆ. ಭರತನಿಗೂ ಕೊಟ್ಟೆ. ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದ, ಯಾವ ದನಿಯಲ್ಲಿ ಅಂದನೋ ತಿಳಿಯಲಿಲ್ಲ.

ಡಿಸೆಂಬರ್ 11

ಪ್ರಾಜಕ್ತಾ ಪುಣೆಯಿಂದ ಬಂದಿದ್ದಳು. ಅವರ ವರದಿಗೆ ದಿಲ್ಲಿಯಲ್ಲಿ ಏನೋ ಪ್ರಶಸ್ತಿ, ಸಮಾರಂಭದಲ್ಲಿ ತೋರಿಸಲು ಮಾಳದ ಚಿತ್ರ ಬೇಕು, ಜೊತೆಗೆ ಊರವರ ಒಂದೆರಡು ಮಾತು. ಅವಳ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಹೋಗುವುದಕ್ಕೇ ಹೊತ್ತಾಯಿತು. ಅಥಣಿ, ಕಾಗವಾಡದ ಕಡೆಯ ಗಾಯರಾಣಗಳಲ್ಲೂ ಇದೇ ಸವಾಲು ಪದ್ಧತಿ ಮಾಡೋಣ, ನೀವೇ ಮುಂದೆ ನಿಲ್ಲಬೇಕು ಅಂದಳು. ಯೋಚಿಸಿ ಹೇಳುತ್ತೇನೆ ಅಂದೆ. ಒಪ್ಪುವುದೆಂದು ಆಗಲೇ ನಿರ್ಧರಿಸಿದ್ದೆ.

ಗೇಟಿನ ಹತ್ತಿರ ಸತ್ತೆವ್ವ ಕೂತಿದ್ದಳು. ಕೈಯಲ್ಲಿ ಕೋಲು, ಮೈಮೇಲೆ ಗಂಡಸರ ಖಾಕಿ ಸ್ವೆಟರು, ಕೊರಳಲ್ಲಿ ಸೀಟಿ. ಸಾವಕಾರರು ಅವಳನ್ನೇ ಕಾಯಲು ಇಟ್ಟಿದ್ದಾರೆ. ಮಾಳದ ಮೂಲೆಮೂಲೆ ಗೊತ್ತಿರುವವಳು, ಆಡು ಎಲ್ಲಿ ನುಸುಳುತ್ತವೆ ಎಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು? ನನಗೆ ನಿಜವಾಗಿ ಸಮಾಧಾನವಾಯಿತು. ತಿಂಗಳ ಪಗಾರ, ಮಳೆಯಲ್ಲಿ ನೆನೆಯುವುದು ತಪ್ಪಿತು. ಉದ್ಯೋಗದ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕೆಂದು ಪ್ರಾಜಕ್ತಾಳಿಗೆ ಹೇಳಿದೆ.

ಕೀಲಿ ತೆಗಿ ಸತ್ತೆವ್ವಾ, ಫೋಟೋ ತಗೊಂಡು ಹೋಗುತ್ತೇವೆ ಅಂದೆ. ಕೂತಲ್ಲಿಂದ ಏಳಲಿಲ್ಲ. ಸಾವಕಾರರು ಊರಲ್ಲಿಲ್ಲ, ಅವರ ಮಾತಿಲ್ಲದೆ ಯಾರನ್ನೂ ಬಿಡುವುದಿಲ್ಲ ಅಂದಳು. ನಗು ಬಂತು. ನಾನು ಯಾರೆಂದು ಗೊತ್ತಿದೆಯಲ್ಲ ಅಂದೆ. ಗೊತ್ತೈತ್ರಿ ಅಂದಳು. ಪ್ರಾಜಕ್ತಾಳ ಮುಂದೆ ಅವಮಾನವೆನಿಸಿ ನನ್ನ ಧ್ವನಿ ಏರಿತು. ಈ ಮಾಳಕ್ಕೆ ಬೆಲೆ ಬಂದದ್ದೇ ನನ್ನಿಂದ, ನಾನಿಲ್ಲದಿದ್ದರೆ ಇವತ್ತು ಇಲ್ಲಿ ಹೊಲಸು ನೀರು ನಿಂತಿರುತ್ತಿತ್ತು, ಅಂಥವಳನ್ನೇ ಹೊರಗೆ ನಿಲ್ಲಿಸುತ್ತೀಯಾ ಎಂದು ಕೇಳಿದೆ.

ಆಕೆ ಸಿಟ್ಟಾಗಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು.

“ಹೌದ್ರಿ ಬಾಯಾರ. ನೀವು ಬಂದು ಸವಾಲು ಇಡೂಮಟಾ ಈ ಮಾಳಕ್ಕ ಬಾಗಲಾ ಅಂತ ಇದ್ದಿದ್ದಿಲ್ಲ. ಸರದು ನಿಂದರ್ರಿ, ಪಾಸಿನ ದನಾ ಬರಾಕತ್ತಾವ.”

ಸರಿದು ನಿಂತೆವು. ದನಗಳು ಒಂದೊಂದಾಗಿ ಒಳಗೆ ಹೋದವು, ಆಕೆ ಮತ್ತೆ ಕೀಲಿ ಹಾಕಿದಳು. ಪ್ರಾಜಕ್ತಾ ಬೇಲಿಯ ಹೊರಗಿನಿಂದಲೇ ಚಿತ್ರ ತೆಗೆದಳು, ತಂತಿ ಬರದ ಹಾಗೆ ಕ್ಯಾಮರಾ ಮೇಲೆತ್ತಿ. ಸತ್ತೆವ್ವನದೂ ಒಂದು ತೆಗೆದಳು. ಆಮೇಲೆ ಪೆನ್ನು ತೆರೆದು, ಆ ಹೆಂಗಸು ಕನ್ನಡದಲ್ಲಿ ಏನೋ ಹೇಳಿದರಲ್ಲ, ಏನದು ಎಂದು ಕೇಳಿದಳು.

ಈ ಮಾಳ ಅಂದರೆ ತಮಗೆ ಭಾಳ ಕಿಮ್ಮತ್ತು ಎಂದು ಹೇಳುತ್ತಿದ್ದಾಳೆ ಅಂದೆ.

ಪ್ರಾಜಕ್ತಾ ಬರೆದುಕೊಂಡಳು. ಆ ಚಿತ್ರದ ಕೆಳಗೆ ಅದನ್ನೇ ಹಾಕುತ್ತಾಳಂತೆ.